ತಾಯಿಯ ತವರಿಗೆ ಬಂದ ಆಟಗಾರ: ರಯಾನ್ ವಿಲಿಯಮ್ಸ್ ಮತ್ತು ಭಾರತದ ಪಾಸ್‌ಪೋರ್ಟ್

ಯಲಹಂಕ: ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಮೈದಾನಗಳಲ್ಲಿ ಪಳಗಿ, ಬೆಂಗಳೂರಿನಲ್ಲಿ ನೆಲೆ ಕಂಡ ಫುಟ್‌ಬಾಲ್ ಆಟಗಾರ ರಯಾನ್ ವಿಲಿಯಮ್ಸ್ 2025ರ ನವೆಂಬರ್ ತಿಂಗಳಲ್ಲಿ ಭಾರತದ ಪ್ರಜೆಯಾಗಿ ರಾಷ್ಟ್ರೀಯ ತಂಡದ ಶಿಬಿರಕ್ಕೆ ಬಂದರು. ತಂದೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದವರು. ತಾಯಿ ಮುಂಬಯಿಯಲ್ಲಿ ಜನಿಸಿದ ಆಂಗ್ಲೋ ಇಂಡಿಯನ್. ತಾಯಿಯ ತಂದೆ 1950ರ ದಶಕದಲ್ಲಿ ಅಂದಿನ ಬಾಂಬೆ ತಂಡದ ಪರವಾಗಿ ಸಂತೋಷ್ ಟ್ರೋಫಿ ಆಡಿದವರು. ಮೂರು ದೇಶಗಳಿಗೆ ಬೇರು ಚಾಚಿದ್ದ ಈ ಆಟಗಾರ ಕೊನೆಗೆ ಒಂದನ್ನು ಆಯ್ದುಕೊಂಡರು. ಅದಕ್ಕಾಗಿ ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟುಕೊಟ್ಟರು.

ಯಲಹಂಕದಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಡೆಗೆ ಸಾಗುವಾಗ ಬಾಗಲೂರು ಬಳಿಯ ಸಾತನೂರಿನಲ್ಲಿ ಪ್ರಕಾಶ್ ಪಡುಕೋಣೆ ಮತ್ತು ರಾಹುಲ್ ದ್ರಾವಿಡ್ ಅವರ ಹೆಸರು ಹೊತ್ತ ಕ್ರೀಡಾ ಕೇಂದ್ರವಿದೆ. ಬ್ಯಾಡ್ಮಿಂಟನ್, ಈಜು, ಕ್ರಿಕೆಟ್‌ಗಳ ಜತೆಗೆ ಫುಟ್‌ಬಾಲ್ ಮೈದಾನವೂ ಇರುವ ಈ ಆವರಣದಲ್ಲಿಯೇ 2025ರ ಆಗಸ್ಟ್ 15ರಂದು ಭಾರತ ತಂಡದ ನೂತನ ತರಬೇತುದಾರ ಖಾಲಿದ್ ಜಮೀಲ್ ತಮ್ಮ ಮೊದಲ ಶಿಬಿರವನ್ನು ಆರಂಭಿಸಿದ್ದರು. ಕೋಲ್ಕತ್ತ, ಗೋವಾ, ಕೇರಳಗಳ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಭಾರತೀಯ ಫುಟ್‌ಬಾಲ್‌ನ ಶಿಬಿರಗಳು ಉತ್ತರ ಬೆಂಗಳೂರಿನತ್ತ ಮುಖ ಮಾಡಿದ್ದ ವರ್ಷ ಅದು. ಅದಾದ ಮೂರು ತಿಂಗಳೊಳಗೆ ಇದೇ ನಗರದಲ್ಲಿ ನಡೆದ ಮತ್ತೊಂದು ಶಿಬಿರದ ಪಟ್ಟಿಯಲ್ಲಿ ವಿಲಿಯಮ್ಸ್ ಹೆಸರು ಕಾಣಿಸಿಕೊಂಡಿತು.

ಸಂಕ್ಷಿಪ್ತ ಪರಿಚಯ

ಹೆಸರು: ರಯಾನ್ ವಿಲಿಯಮ್ಸ್
ಜನನ: 28 ಅಕ್ಟೋಬರ್ 1993, ಪರ್ತ್, ಪಶ್ಚಿಮ ಆಸ್ಟ್ರೇಲಿಯಾ
ಆಟದ ಸ್ಥಾನ: ಬಲಬದಿಯ ವಿಂಗರ್, ಅಗತ್ಯ ಬಿದ್ದಾಗ ರಕ್ಷಣಾ ವಿಭಾಗದ ಬಲಬದಿಯಲ್ಲಿಯೂ ಆಡಬಲ್ಲರು
ಆಡಿದ ಪ್ರಮುಖ ಕ್ಲಬ್‌ಗಳು: ಪೋರ್ಟ್ಸ್‌ಮತ್, ಫುಲಮ್, ಬಾರ್ನ್ಸ್ಲಿ, ರಾಥರಮ್ ಯುನೈಟೆಡ್, ಆಕ್ಸ್‌ಫರ್ಡ್ ಯುನೈಟೆಡ್, ಪರ್ತ್ ಗ್ಲೋರಿ, ಬೆಂಗಳೂರು ಎಫ್‌ಸಿ (2023ರಿಂದ)
ಆಸ್ಟ್ರೇಲಿಯಾ ಹಿರಿಯರ ತಂಡದ ಪರ: 1 ಪಂದ್ಯ (2019)
ಭಾರತೀಯ ಪೌರತ್ವ: 2025

ಪರ್ತ್‌ನಿಂದ ಇಂಗ್ಲೆಂಡಿಗೆ

ಪರ್ತ್ ನಗರದಲ್ಲಿ ಅವಳಿ ಮಕ್ಕಳಲ್ಲಿ ಒಬ್ಬರಾಗಿ ಜನಿಸಿದ ರಯಾನ್ ಹದಿಹರೆಯದಲ್ಲಿಯೇ ಇಂಗ್ಲೆಂಡಿಗೆ ತೆರಳಿದರು. ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಕ್ಲಬ್‌ನ ಕಿರಿಯರ ವಿಭಾಗದಲ್ಲಿ ತರಬೇತಿ ಪಡೆದು, 2011-12ರ ಋತುವಿನಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ಹಿರಿಯರ ತಂಡದಲ್ಲಿ ಸ್ಥಾನ ಗಿಟ್ಟಿಸಿಕೊಂಡರು. ಆ ವೇಳೆಗೆ ಪೋರ್ಟ್ಸ್‌ಮತ್ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿತ್ತು. 2012ರ ಜನವರಿಯಲ್ಲಿ ಪ್ರೀಮಿಯರ್ ಲೀಗ್‌ನಲ್ಲಿದ್ದ ಲಂಡನ್ನಿನ ಫುಲಮ್ ಕ್ಲಬ್ ಈ ಯುವಕನನ್ನು ಖರೀದಿಸಿತು. ಹದಿನೆಂಟರ ಹರೆಯದಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ವೊಂದರ ಒಪ್ಪಂದ ಕೈಗೆ ಬರುವುದು ಎಂದರೆ ಯಾವುದೇ ಆಟಗಾರನ ಪಾಲಿಗೆ ಸಣ್ಣ ಸಂಗತಿಯಲ್ಲ.

ಆದರೆ ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆಯಲ್ಲಿ ಪ್ರತಿಭೆ ಮತ್ತು ಅವಕಾಶ ಯಾವಾಗಲೂ ಒಟ್ಟಿಗೆ ನಡೆಯುವುದಿಲ್ಲ. ಫುಲಮ್‌ನ ಮೊದಲ ತಂಡದಲ್ಲಿ ಜಾಗ ದೊರೆಯದೆ ವಿಲಿಯಮ್ಸ್ ಎರವಲು ಒಪ್ಪಂದಗಳ ಮೇಲೆ ಕೆಳ ಹಂತದ ಕ್ಲಬ್‌ಗಳಿಗೆ ಹೋಗಬೇಕಾಯಿತು. ಬಾರ್ನ್ಸ್ಲಿ ಕ್ಲಬ್‌ಗೆ ಮೊದಲು ಎರವಲಾಗಿ ಬಂದು 2015ರಲ್ಲಿ ಪೂರ್ಣ ಪ್ರಮಾಣದಲ್ಲಿ ಸೇರಿದರು. 2017ರಲ್ಲಿ ರಾಥರಮ್ ಯುನೈಟೆಡ್ ಪಾಲಾದರು. ಮರುವರ್ಷ ಆ ತಂಡ ಮೂರನೇ ಸ್ತರದ ಲೀಗ್ ಒನ್‌ನಿಂದ ಎರಡನೇ ಸ್ತರದ ಚಾಂಪಿಯನ್‌ಷಿಪ್‌ಗೆ ಬಡ್ತಿ ಪಡೆಯಿತು. 2019ರಲ್ಲಿ ಮತ್ತೆ ಪೋರ್ಟ್ಸ್‌ಮತ್‌ಗೆ ಮರಳಿ, 2021ರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಸೇರಿ, 2022ರಲ್ಲಿ ತವರೂರಿನ ಪರ್ತ್ ಗ್ಲೋರಿ ತಂಡಕ್ಕೆ ಬಂದರು.

ದೊಡ್ಡ ತಾರೆಯಾಗುವ ಭರವಸೆ ಮೂಡಿಸಿದ್ದ ಹುಡುಗ, ಕ್ರಮೇಣ ನೆಚ್ಚಬಹುದಾದ ವೃತ್ತಿಪರ ಆಟಗಾರನಾಗಿ ಮಾಗಿದ ಕಥೆ ಇದು. ಈ ನಡುವೆ ಆಸ್ಟ್ರೇಲಿಯಾದ ಕಿರಿಯರ ತಂಡಗಳಲ್ಲಿ ಆಡಿದ್ದ ಅವರಿಗೆ 2019ರ ಜೂನ್ 7ರಂದು ಹಿರಿಯರ ತಂಡದ ಅಂಗಿಯೂ ದೊರಕಿತು. ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ ನಡೆದ ಆ ಸೌಹಾರ್ದ ಪಂದ್ಯದಲ್ಲಿ ಆತಿಥೇಯರು 1-0ಯಿಂದ ಗೆದ್ದರು. ಆಸ್ಟ್ರೇಲಿಯಾ ಪರ ವಿಲಿಯಮ್ಸ್ ಆಡಿದ ಮೊದಲ ಹಿರಿಯರ ಪಂದ್ಯವೂ ಕೊನೆಯ ಪಂದ್ಯವೂ ಅದೇ. ಆರು ವರ್ಷಗಳ ನಂತರ ಅದೊಂದು ಪಂದ್ಯವೇ ಕಡತಗಳ ನಡುವಿನ ದೊಡ್ಡ ಪ್ರಶ್ನೆಯಾಗಿ ಎದ್ದು ನಿಲ್ಲಲಿತ್ತು.

ತಾತನ ಮುಂಬಯಿ

ವಿಲಿಯಮ್ಸ್ ಅವರ ತಾಯಿಯ ತಂದೆ ಲಿಂಕನ್ ಗ್ರೋಸ್ಟೇಟ್ ಮುಂಬಯಿ ಫುಟ್‌ಬಾಲ್ ವಲಯದಲ್ಲಿ ಪರಿಚಿತರಾಗಿದ್ದ ಆಟಗಾರ. ಟಾಟಾಸ್ ತಂಡದಲ್ಲಿ ಆಡುತ್ತಿದ್ದ ಅವರು 1950ರ ದಶಕದಲ್ಲಿ ಸಂತೋಷ್ ಟ್ರೋಫಿಯಲ್ಲಿ ಬಾಂಬೆಯನ್ನು ಪ್ರತಿನಿಧಿಸಿದ್ದರು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿ ಆ ಕಾಲದಲ್ಲಿ ದೇಶದ ಅತ್ಯುತ್ತಮ ಆಟಗಾರರೆಲ್ಲ ತಮ್ಮ ಪ್ರಾಂತ್ಯಗಳ ಪರವಾಗಿ ಸೆಣಸುತ್ತಿದ್ದ ಪಂದ್ಯಾವಳಿ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಾವಿರಾರು ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ದೇಶಗಳಿಗೆ ವಲಸೆ ಹೋದವು. ರೈಲ್ವೆ, ಅಂಚೆ ಮತ್ತು ತಂತಿ, ಸುಂಕ ಇಲಾಖೆಗಳಲ್ಲಿ ದುಡಿಯುತ್ತಿದ್ದ, ಹಾಕಿ ಮತ್ತು ಫುಟ್‌ಬಾಲ್ ಮೈದಾನಗಳಲ್ಲಿ ಮುಂಚೂಣಿಯಲ್ಲಿದ್ದ ಈ ಸಮುದಾಯದ ಬಹುಪಾಲು ಹೀಗೆ ಚದುರಿತು. ಕನ್ನಡನಾಡಿಗೂ ಈ ಇತಿಹಾಸ ಹೊರತಲ್ಲ. ಇಂದು ಸಾಫ್ಟ್‌ವೇರ್ ಕಂಪನಿಗಳಿಂದ ಗಿಜಿಗುಡುವ ಬೆಂಗಳೂರಿನ ವೈಟ್‌ಫೀಲ್ಡ್, 1882ರಲ್ಲಿ ಮೈಸೂರು ಮಹಾರಾಜರು ನೀಡಿದ ಭೂಮಿಯಲ್ಲಿ ಇದೇ ಸಮುದಾಯದವರಿಗಾಗಿ ಹುಟ್ಟಿಕೊಂಡ ವಸತಿ. ಲೋಕಸಭೆಯಲ್ಲಿ ಈ ಸಮುದಾಯಕ್ಕಿದ್ದ ಎರಡು ನಾಮನಿರ್ದೇಶಿತ ಸ್ಥಾನಗಳೂ ಸಂವಿಧಾನದ 104ನೇ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಕೊನೆಗೊಂಡವು.

ಕುಟುಂಬದಲ್ಲಿ ಭಾರತಕ್ಕೆ ಮೊದಲು ಮರಳಿದವರು ರಯಾನ್ ಅಲ್ಲ, ಅವರ ಅವಳಿ ಸಹೋದರ ಅರಿನ್ ವಿಲಿಯಮ್ಸ್ ಎಂಬುದು ಇಲ್ಲಿ ಉಲ್ಲೇಖಾರ್ಹ. ಇಂಗ್ಲೆಂಡಿನ ಬರ್ನ್ಲಿ ಕ್ಲಬ್‌ನಲ್ಲಿದ್ದು, ಪರ್ತ್ ಗ್ಲೋರಿ ಪರವಾಗಿಯೂ ಆಡಿದ್ದ ಅರಿನ್ 2017ರಲ್ಲಿ ಮಣಿಪುರದ ನೆರೋಕಾ ತಂಡವನ್ನು ಸೇರಿದರು. ಇಂಫಾಲದ ಆ ಪುಟ್ಟ ಕ್ಲಬ್ 2017-18ರ ಐ-ಲೀಗ್‌ನಲ್ಲಿ ದ್ವಿತೀಯ ಸ್ಥಾನ ಗಳಿಸಿ ಎಲ್ಲರನ್ನೂ ಅಚ್ಚರಿಗೊಳಿಸಿತ್ತು.

ಕಂಠೀರವದಲ್ಲಿ ಎರಡು ಋತು

2023ರಲ್ಲಿ ರಯಾನ್ ಬೆಂಗಳೂರು ಎಫ್‌ಸಿ ಜತೆ ಒಪ್ಪಂದ ಮಾಡಿಕೊಂಡರು. 2013ರಲ್ಲಿ ಸ್ಥಾಪನೆಯಾದ ಈ ಕ್ಲಬ್ ಎರಡು ಬಾರಿ ಐ-ಲೀಗ್, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮತ್ತು 2022ರಲ್ಲಿ ಡುರಾಂಡ್ ಕಪ್ ಗೆದ್ದಿತ್ತು. ಆದರೆ ವಿಲಿಯಮ್ಸ್ ಬಂದ ಮೊದಲ ಋತು ನಿರಾಶಾದಾಯಕವಾಗಿತ್ತು. 2023-24ರ ಐಎಸ್‌ಎಲ್‌ನಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿಯಿತು.

ಮರುವರ್ಷ ಚಿತ್ರ ಬದಲಾಯಿತು. ಲೀಗ್ ಹಂತದಲ್ಲಿ ಮೂರನೇ ಸ್ಥಾನ ಪಡೆದ ಬೆಂಗಳೂರು, 2025ರ ಮಾರ್ಚ್ 29ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡವನ್ನು 5-0 ಗೋಲುಗಳಿಂದ ಬಗ್ಗುಬಡಿಯಿತು. ಗೋಲು ಗಳಿಸಿದವರಲ್ಲಿ ವಿಲಿಯಮ್ಸ್ ಒಬ್ಬರು. ಸೆಮಿಫೈನಲ್‌ನಲ್ಲಿ ಎಫ್‌ಸಿ ಗೋವಾ ತಂಡವನ್ನು ಎರಡು ಪಂದ್ಯಗಳ ಒಟ್ಟು 3-2 ಅಂತರದಿಂದ ಮಣಿಸಿ ಫೈನಲ್ ತಲುಪಿತು.

ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಫೈನಲ್, ಬೇರುಗಳ ಪ್ರಶ್ನೆಯನ್ನು ವಿಶಿಷ್ಟವಾಗಿ ಮುಂದಿಟ್ಟ ಪಂದ್ಯ. ದ್ವಿತೀಯಾರ್ಧದ ಆರಂಭದಲ್ಲಿ ಬಲಬದಿಯಿಂದ ವಿಲಿಯಮ್ಸ್ ಹಾಯಿಸಿದ ಚೆಂಡು ಮೋಹನ್ ಬಾಗನ್ ರಕ್ಷಣಾ ಆಟಗಾರ ಆಲ್ಬರ್ಟೊ ರಾಡ್ರಿಗಸ್ ಅವರಿಗೆ ತಗುಲಿ ಬಲೆ ಸೇರಿತು. ಆ ಉಡುಗೊರೆ ಗೋಲಿನಿಂದ ಬೆಂಗಳೂರು ಮುನ್ನಡೆ ಸಾಧಿಸಿತು. ನಂತರ ಜೇಸನ್ ಕಮಿಂಗ್ಸ್ ಪೆನಾಲ್ಟಿಯಲ್ಲಿ ಸಮಬಲ ಸಾಧಿಸಿದರು. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್‌ಲಾರೆನ್ ಗಳಿಸಿದ ಗೋಲು ಮೋಹನ್ ಬಾಗನ್‌ಗೆ 2-1ರ ಗೆಲುವು ತಂದಿತು.

ಆ ಇಬ್ಬರೂ ಆಸ್ಟ್ರೇಲಿಯಾ ಪರ ಆಡಿದವರೇ. ಕಮಿಂಗ್ಸ್ ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಸ್ಕಾಟ್ಲೆಂಡ್ ಪರ ಎರಡು ಸೌಹಾರ್ದ ಪಂದ್ಯಗಳನ್ನಾಡಿ, ತಾಯಿಯ ಕಡೆಯ ನಂಟಿನಿಂದ 2022ರಲ್ಲಿ ಆಸ್ಟ್ರೇಲಿಯಾಕ್ಕೆ ಬದಲಾಗಿ ಅದೇ ವರ್ಷ ಕತಾರ್ ವಿಶ್ವಕಪ್ ತಂಡದಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಹುಟ್ಟಿದ ಮೆಕ್‌ಲಾರೆನ್ ಕಿರಿಯರ ಹಂತದಲ್ಲಿ ಸ್ಕಾಟ್ಲೆಂಡ್ ಪರ ಆಡಿ ಆನಂತರ ಆಸ್ಟ್ರೇಲಿಯಾಕ್ಕೆ ಮರಳಿದ್ದರು. ಅಂದರೆ ಆ ರಾತ್ರಿಯ ಮೂರೂ ಗೋಲುಗಳ ಹಿಂದೆ ಎರಡು ದೇಶಗಳ ನಂಟಿದ್ದ ಆಟಗಾರರಿದ್ದರು. ವ್ಯತ್ಯಾಸ ಇಷ್ಟೇ: ಕಮಿಂಗ್ಸ್ ದೇಶ ಬದಲಿಸಿದಾಗ ಹುಟ್ಟಿದ ನೆಲದ ಪೌರತ್ವ ತೊರೆಯಬೇಕಾದ ಕಟ್ಟಳೆ ಅವರಿಗಿರಲಿಲ್ಲ. ಭಾರತವನ್ನು ಆಯ್ದುಕೊಳ್ಳುವವನಿಗೆ ಆ ಸವಲತ್ತು ಇಲ್ಲ.

ಕಾನೂನಿನ ಹೊಸ್ತಿಲು

ಭಾರತದ ಸಂವಿಧಾನವಾಗಲೀ 1955ರ ಪೌರತ್ವ ಕಾಯ್ದೆಯಾಗಲೀ ದ್ವಿಪೌರತ್ವವನ್ನು ಮಾನ್ಯ ಮಾಡುವುದಿಲ್ಲ. ವಿದೇಶಿ ಪೌರತ್ವ ಪಡೆದ ಭಾರತೀಯ ತನ್ನ ಭಾರತೀಯ ಪೌರತ್ವವನ್ನು ಕಳೆದುಕೊಳ್ಳುತ್ತಾನೆ. ಭಾರತದ ಪೌರತ್ವ ಬಯಸುವ ವಿದೇಶಿಯನೂ ತನ್ನ ಮೂಲ ಪೌರತ್ವವನ್ನು ತ್ಯಜಿಸಬೇಕು. 2005ರಿಂದ ಜಾರಿಯಲ್ಲಿರುವ ಸಾಗರೋತ್ತರ ಭಾರತೀಯ ಪೌರತ್ವ (ಒಸಿಐ) ಎಂಬುದರ ಹೆಸರಿನಲ್ಲಿ ಪೌರತ್ವ ಎಂಬ ಪದವಿದ್ದರೂ ಅದು ಪೂರ್ಣ ಅರ್ಥದ ಪೌರತ್ವವಲ್ಲ. ವೀಸಾ ಇಲ್ಲದೆ ಬಂದುಹೋಗಲು, ಇಲ್ಲಿ ವಾಸಿಸಲು, ದುಡಿಯಲು ಅದು ಅನುಕೂಲ ಕಲ್ಪಿಸುತ್ತದೆ. ಮತದಾನದ ಹಕ್ಕಾಗಲೀ ಭಾರತೀಯ ಪಾಸ್‌ಪೋರ್ಟ್ ಆಗಲೀ ಅದರಿಂದ ಸಿಗುವುದಿಲ್ಲ.

ಕ್ರೀಡೆಯ ಮಟ್ಟಿಗೆ ನಿರ್ಣಾಯಕವಾದದ್ದು ಕೇಂದ್ರ ಕ್ರೀಡಾ ಸಚಿವಾಲಯ 2008ರ ಡಿಸೆಂಬರ್‌ನಲ್ಲಿ ತಳೆದ ನಿಲುವು. ಭಾರತದ ಪ್ರಜೆಗಳು ಮಾತ್ರ ರಾಷ್ಟ್ರೀಯ ತಂಡಗಳಲ್ಲಿ ಆಡಬಹುದು ಎಂದು ಅದು ಸ್ಪಷ್ಟಪಡಿಸಿತು. ಅದಕ್ಕೂ ಮುನ್ನ ಅಮೆರಿಕದ ಪ್ರಜೆಯಾಗಿದ್ದ ಟೆನಿಸ್ ಆಟಗಾರ ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್‌ನಲ್ಲಿ ಭಾರತದ ಪರ ಆಡಿದ್ದರು. ಹೊಸ ನಿಲುವಿನಿಂದ ಆ ಬಾಗಿಲು ಮುಚ್ಚಿತು. 2010ರಲ್ಲಿ ದೆಹಲಿ ಹೈಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು.

ಇದರ ಪರಿಣಾಮ ಫುಟ್‌ಬಾಲ್ ಮೇಲೆ ಗಾಢವಾಗಿ ಆಯಿತು. ಭಾರತೀಯ ತಂದೆಯ ಮಗ ಮೈಕಲ್ ಚೋಪ್ರಾ ನ್ಯೂಕ್ಯಾಸಲ್, ಸಂಡರ್‌ಲೆಂಡ್ ಪರ ಪ್ರೀಮಿಯರ್ ಲೀಗ್‌ನಲ್ಲಿ ಗೋಲು ಹೊಡೆದವರು. ಭಾರತದ ಪರ ಆಡುವ ಇಚ್ಛೆಯನ್ನು ಬಹಿರಂಗವಾಗಿ ಹೇಳಿಕೊಂಡರೂ ಬ್ರಿಟಿಷ್ ಪಾಸ್‌ಪೋರ್ಟ್ ಅಡ್ಡಬಂತು. ಕೊನೆಗೆ ಕೇರಳ ಬ್ಲಾಸ್ಟರ್ಸ್ ತಂಡದಲ್ಲಿ ವಿದೇಶಿ ಆಟಗಾರನಾಗಿಯೇ ಆಡಿದರು. ಬರ್ಮಿಂಗ್‌ಹ್ಯಾಮ್‌ನ ಯಾನ್ ಧಂಡಾ ಅವರದೂ ಇದೇ ಕಥೆ. ಬಂಗಾಳಿ ತಾಯಿಯ ಮಗ ನೀಲ್ ಟೇಲರ್ ವೇಲ್ಸ್ ಪರವಾಗಿ ಆಡಿ 2016ರ ಯೂರೊ ಟೂರ್ನಿಯಲ್ಲಿ ರಷ್ಯಾ ವಿರುದ್ಧ ಗೋಲು ಗಳಿಸಿದ್ದು ಹಲವರ ನೆನಪಿನಲ್ಲಿದೆ.

ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಈ ಹೊಸ್ತಿಲು ಬಹಳ ಎತ್ತರದ್ದು. ಬ್ರಿಟಿಷ್ ಪಾಸ್‌ಪೋರ್ಟ್ ಬಿಟ್ಟುಕೊಟ್ಟರೆ ಇಂಗ್ಲೆಂಡಿನ ಕ್ಲಬ್‌ನಲ್ಲಿ ಆಡಲು ಆತನೇ ಉದ್ಯೋಗ ಪರವಾನಗಿ ಕೇಳಿಕೊಂಡು ನಿಲ್ಲಬೇಕಾಗುತ್ತದೆ. ಅಂದರೆ ಯಾವ ಕ್ಲಬ್‌ನ ಆಟ ಆತನನ್ನು ಭಾರತಕ್ಕೆ ಬೇಕಾದವನನ್ನಾಗಿ ಮಾಡಿತೋ ಆ ಕ್ಲಬ್ಬೇ ಕೈತಪ್ಪುವ ಭಯ. ಹೀಗಾಗಿ ವೃತ್ತಿಜೀವನವನ್ನು ಭಾರತದಲ್ಲಿಯೇ ಕಟ್ಟಿಕೊಂಡವರಿಗೆ ಮಾತ್ರ ಈ ದಾರಿ ನಡೆಯುವಂಥದ್ದು. ವಿಲಿಯಮ್ಸ್ ಅಂಥವರಲ್ಲಿ ಒಬ್ಬರು.

ಹಾದಿ ತೋರಿದ ಇಝುಮಿ

ವಿಲಿಯಮ್ಸ್‌ಗಿಂತ ಹದಿಮೂರು ವರ್ಷ ಮೊದಲು ಈ ದಾರಿ ತುಳಿದವರು ಜಪಾನಿನಲ್ಲಿ 1982ರಲ್ಲಿ ಜನಿಸಿದ ಅರಾಟಾ ಇಝುಮಿ. ತಂದೆ ಗುಜರಾತಿ, ತಾಯಿ ಜಪಾನಿ. 2006ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಭಾರತಕ್ಕೆ ಬಂದ ಅವರು ಮಹೀಂದ್ರಾ ಯುನೈಟೆಡ್ ಮತ್ತು ಪುಣೆ ಎಫ್‌ಸಿ ತಂಡಗಳಲ್ಲಿ ಹೆಸರು ಮಾಡಿದರು. 2012ರಲ್ಲಿ ಜಪಾನಿನ ಪೌರತ್ವ ತೊರೆದು ಭಾರತೀಯರಾದರು. ನೀಲಕಂಠ ಎಂಬ ಹೆಸರನ್ನೂ ಪಡೆದರು. 2013ರಲ್ಲಿ ಭಾರತದ ಪರ ಕಣಕ್ಕಿಳಿದರು. ಆಗ ಅವರಿಗೆ ಮೂವತ್ತು ವರ್ಷ ದಾಟಿತ್ತು.

ಇಝುಮಿ ಮತ್ತು ವಿಲಿಯಮ್ಸ್ ಇಬ್ಬರ ಕಥೆಯಲ್ಲಿಯೂ ಒಂದು ಸಮಾನ ಅಂಶವಿದೆ. ಇಬ್ಬರೂ ಮೊದಲು ಇಲ್ಲಿನ ಕ್ಲಬ್‌ಗೆ ವಿದೇಶಿಯರಾಗಿ ಬಂದರು, ವರ್ಷಗಟ್ಟಲೆ ಇಲ್ಲಿ ನೆಲೆಸಿದರು, ಆ ನಂತರ ಪ್ರಜೆಗಳಾದರು. ಇಬ್ಬರಿಗೂ ಆ ಹೊತ್ತಿಗೆ ಮೂವತ್ತು ತುಂಬಿತ್ತು. ಯೌವನದ ಬಿರುಸನ್ನು ದೇಶ ಪಡೆದುಕೊಳ್ಳಲಾಗಲಿಲ್ಲ, ಅನುಭವವನ್ನಷ್ಟೇ ಪಡೆಯಿತು.

ಪಾಸ್‌ಪೋರ್ಟ್ ಬಂದರೂ ಮುಗಿಯದ ಕಾಯುವಿಕೆ

ವಿಲಿಯಮ್ಸ್ ನಿರ್ಧಾರ ಕೈಗೊಂಡ ಕಾಲವೂ ಅನುಕೂಲಕರವಾದುದಾಗಿರಲಿಲ್ಲ. ವಾಣಿಜ್ಯ ಹಕ್ಕುಗಳ ಒಪ್ಪಂದ ನವೀಕರಣವಾಗದ ಕಾರಣ 2025ರ ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ರಾಷ್ಟ್ರೀಯ ತಂಡದ ಸ್ಥಿತಿಯೂ ಆಶಾದಾಯಕವಾಗಿರಲಿಲ್ಲ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನ ಮೂರೂ ಪಂದ್ಯಗಳಲ್ಲಿ ಭಾರತ ಒಂದೇ ಒಂದು ಗೋಲು ಗಳಿಸಲಾಗದೆ ಸೋತಿತ್ತು. ಅದರಲ್ಲಿ ಮೊದಲ ಸೋಲು ಆಸ್ಟ್ರೇಲಿಯಾ ಎದುರೇ. 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಸುನಿಲ್ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆತರಬೇಕಾಯಿತು. ಆದರೂ 2027ರ ಏಷ್ಯಾ ಕಪ್‌ನ ಅರ್ಹತಾ ಹಂತದಲ್ಲಿ ಹಾಂಗ್‌ಕಾಂಗ್ ಎದುರು 0-1ರಿಂದ ಸೋತು, ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1-2ರಿಂದ ಮಣಿದು ಭಾರತ ಸ್ಪರ್ಧೆಯಿಂದ ಹೊರಬಿತ್ತು.

ಹೀಗೆ ಹೊರಬಿದ್ದ ತಂಡಕ್ಕೆ, ವೇತನ ನಿಂತ ಕ್ಲಬ್‌ನಿಂದ, ಲೀಗ್ ಯಾವಾಗ ಆರಂಭವಾಗುವುದೆಂದು ಗೊತ್ತಿಲ್ಲದ ಹೊತ್ತಿನಲ್ಲಿ ವಿಲಿಯಮ್ಸ್ ಸೇರಿಕೊಂಡರು. ಅವರ ಭಾರತೀಯ ಪಾಸ್‌ಪೋರ್ಟನ್ನು ಕ್ಲಬ್‌ನ ಸಹ ಆಟಗಾರ ಛೆಟ್ರಿ ಅವರೇ ಬೆಂಗಳೂರಿನಲ್ಲಿ ಹಸ್ತಾಂತರಿಸಿದರು. ನವೆಂಬರ್ 6ರಂದು ಬೆಂಗಳೂರಿನಲ್ಲಿ ಆರಂಭವಾದ ಶಿಬಿರಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನು ಆಹ್ವಾನಿಸಿತು.

ಆದರೆ ಪಾಸ್‌ಪೋರ್ಟ್ ಒಂದೇ ಸಾಲದು. ಒಂದು ದೇಶದ ಪರ ಆಡಿದ ಆಟಗಾರ ಇನ್ನೊಂದು ದೇಶಕ್ಕೆ ಬದಲಾಗಬೇಕಾದರೆ ವಿಶ್ವ ಫುಟ್‌ಬಾಲ್‌ನ ಆಡಳಿತ ಸಂಸ್ಥೆ ಫಿಫಾದ ಒಪ್ಪಿಗೆ ಅಗತ್ಯ. ಹೊಸದಾಗಿ ಪೌರತ್ವ ಪಡೆದವನ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಆ ದೇಶದ ನೆಲದಲ್ಲಿ ಹುಟ್ಟಿರಬೇಕು, ಇಲ್ಲವೇ ಆತ ನಿಗದಿತ ವರ್ಷಗಳ ಕಾಲ ಅಲ್ಲಿ ವಾಸಿಸಿರಬೇಕು ಎಂಬುದು ಮುಖ್ಯ ಷರತ್ತು. ಮುಂಬಯಿಯಲ್ಲಿ ಹುಟ್ಟಿದ ತಾಯಿಯಿಂದಾಗಿ ವಿಲಿಯಮ್ಸ್‌ಗೆ ಆ ತೊಡಕಿರಲಿಲ್ಲ. ಬೂಸಾನ್‌ನಲ್ಲಿ ಆಡಿದ ಪಂದ್ಯ ಸೌಹಾರ್ದ ಪಂದ್ಯವಾದ್ದರಿಂದ ಅದು ಅವರನ್ನು ಆಸ್ಟ್ರೇಲಿಯಾಕ್ಕೆ ಶಾಶ್ವತವಾಗಿ ಕಟ್ಟಿಹಾಕಿರಲೂ ಇಲ್ಲ. ಆದರೆ ಆಸ್ಟ್ರೇಲಿಯಾದ ನಿರಾಕ್ಷೇಪಣಾ ಪತ್ರ ಮತ್ತು ಫಿಫಾದ ಅನುಮೋದನೆ ಸಕಾಲಕ್ಕೆ ಕೈಸೇರಲಿಲ್ಲ. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ಎದುರು ನಡೆದ ಪಂದ್ಯಕ್ಕೆ ಅವರು ಲಭ್ಯರಾಗಲಿಲ್ಲ. ಭಾರತ 0-1ರಿಂದ ಸೋತಿತು. ಬಾಂಗ್ಲಾದೇಶಕ್ಕೆ ಭಾರತದ ವಿರುದ್ಧ 2003ರ ನಂತರ ದೊರೆತ ಮೊದಲ ಗೆಲುವು ಅದು. ಫಿಫಾ ಅನುಮೋದನೆ ಬಂದದ್ದು ಪಂದ್ಯ ಮುಗಿದ ಮೇಲೆ, ಅದೇ ತಿಂಗಳಲ್ಲಿ.

ನೆರೆಯವರು ಕಂಡುಕೊಂಡ ದಾರಿ

ಢಾಕಾದಲ್ಲಿ ಭಾರತವನ್ನು ಮಣಿಸಿದ ತಂಡದ ಮಧ್ಯಭಾಗದಲ್ಲಿದ್ದವರು ಹಮ್ಜಾ ಚೌಧರಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರ ತಾಯಿ ಬಾಂಗ್ಲಾದೇಶದವರು, ತಂದೆ ಕೆರೀಬಿಯನ್ ದ್ವೀಪ ಗ್ರೆನಡಾ ಮೂಲದವರು. ಲೆಸ್ಟರ್ ಸಿಟಿ ಪರ ಆಡಿದ ಈ ಆಟಗಾರ ಬಾಂಗ್ಲಾ ಪರ ಪದಾರ್ಪಣೆ ಮಾಡಿದ್ದೂ ಭಾರತದ ಎದುರೇ, 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಜಮಾಲ್ ಭುಯ್ಯಾ 2013ರಿಂದಲೇ ಬಾಂಗ್ಲಾ ಪರ ಆಡುತ್ತ ನಾಯಕರೂ ಆದರು. ಬಾಂಗ್ಲಾದೇಶದ ಕಾನೂನು ಹಲವು ದೇಶಗಳೊಂದಿಗೆ ದ್ವಿಪೌರತ್ವಕ್ಕೆ ಅವಕಾಶ ನೀಡುವುದರಿಂದ ಹಮ್ಜಾ ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕಾಗಲಿಲ್ಲ.

ಜಗತ್ತಿನಲ್ಲಿ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕ್ಕೊ ತಂಡದ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಎದುರು ದಿಕ್ಕಿನ ಉದಾಹರಣೆ ಸ್ಪೇನ್‌ನ ಲಮೀನ್ ಯಮಾಲ್. ತಂದೆ ಮೊರಾಕ್ಕೊ ಮೂಲದವರು, ತಾಯಿ ಈಕ್ವಟೋರಿಯಲ್ ಗಿನಿ ಮೂಲದವರು. ಹದಿನಾರರ ವಯಸ್ಸಿನಲ್ಲಿ, 2023ರಲ್ಲಿ, ತಾನು ಹುಟ್ಟಿದ ಸ್ಪೇನನ್ನು ಆಯ್ದುಕೊಂಡ ಆ ಬಾಲಕ ಹದಿನೇಳು ತುಂಬಿದ ಮರುದಿನವೇ ಯೂರೊ 2024 ಕಿರೀಟ ಗೆದ್ದ ತಂಡದಲ್ಲಿದ್ದ. ಆಯ್ಕೆಯ ಪ್ರಶ್ನೆ ಎಳೆಯ ವಯಸ್ಸಿನಲ್ಲಿಯೇ ಬಗೆಹರಿದರೆ ದೇಶಕ್ಕೆ ದೊರೆಯುವುದೇನು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಡ್ಡದಾರಿಯ ಪಾಠವೂ ಹತ್ತಿರದಲ್ಲಿಯೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಫಿಫಾ ಮಲೇಷ್ಯಾ ಫುಟ್‌ಬಾಲ್ ಸಂಸ್ಥೆಗೆ ದಂಡ ವಿಧಿಸಿ, ವಿದೇಶಿ ಮೂಲದ ಏಳು ಆಟಗಾರರ ಮೇಲೆ 12 ತಿಂಗಳ ನಿಷೇಧ ಹೇರಿತು. ಅವರ ಅಜ್ಜ ಅಜ್ಜಿಯರು ಮಲೇಷ್ಯಾದಲ್ಲಿ ಹುಟ್ಟಿದರೆಂದು ತೋರಿಸುವ ದಾಖಲೆಗಳನ್ನು ತಿದ್ದಲಾಗಿತ್ತು ಎಂಬುದು ಆರೋಪ. ಬೇರು ನಿಜವಾಗಿರಬೇಕು, ಅದನ್ನು ಕಾಗದದ ಮೇಲೆ ಸೃಷ್ಟಿಸಲಾಗದು ಎಂಬ ಎಚ್ಚರಿಕೆಯನ್ನು ಈ ಪ್ರಕರಣ ಏಷ್ಯಾದ ಎಲ್ಲ ಫೆಡರೇಷನ್‌ಗಳಿಗೂ ನೀಡಿತು. ಮುಂಬಯಿಯ ಮೈದಾನಗಳಲ್ಲಿ ಆಡಿದ ತಾತನಿರುವ ವಿಲಿಯಮ್ಸ್ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ಸ್ಪಷ್ಟ.

ಲಾಭ ಯಾರಿಗೆ?

ವಿಲಿಯಮ್ಸ್ ಭಾರತೀಯರಾದುದರಿಂದ ಅವರ ಕ್ಲಬ್‌ಗೂ ಅನುಕೂಲವಿದೆ. 2021-22ರಿಂದ ಐಎಸ್‌ಎಲ್ ತಂಡವೊಂದು ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನಷ್ಟೇ ಮೈದಾನಕ್ಕಿಳಿಸಬಹುದಾಗಿತ್ತು. ವಿದೇಶಿಯರ ಲೆಕ್ಕದಲ್ಲಿದ್ದ ಆಟಗಾರ ಸ್ಥಳೀಯನಾದರೆ ಒಂದು ಸ್ಥಾನ ತೆರವಾಗುತ್ತದೆ. ಆದರೆ ಅದೇ ಸ್ಥಾನದಲ್ಲಿ ಆಡಬಹುದಾಗಿದ್ದ ದೇಶೀಯ ಯುವ ವಿಂಗರ್ ಒಬ್ಬನ ಅವಕಾಶದ ಪ್ರಶ್ನೆಯೂ ಅದರೊಂದಿಗೆ ಏಳುತ್ತದೆ. ಈ ಎರಡೂ ಮಾತುಗಳಲ್ಲಿ ಸತ್ಯವಿದೆ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಈ ನಗರ ಆಟಗಾರರನ್ನು ಹೊರಗಿನಿಂದ ತರಬೇಕಾದ ಊರಾಗಿರಲಿಲ್ಲ. 1946-47ರಲ್ಲಿ ಮೈಸೂರು ತಂಡ ಬಲಾಢ್ಯ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರು. ಅದೇ ತಂಡದಲ್ಲಿ ಬರಿಗಾಲಿನ ಚಳಕಕ್ಕೆ ಹೆಸರಾದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಓಣಿಗಳು ತಲೆಮಾರುಗಟ್ಟಲೆ ಆಟಗಾರರನ್ನು ಕೊಟ್ಟವು. ಮೈಸೂರು 1968-69ರಲ್ಲಿ ಗೆದ್ದ ಬಳಿಕ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಎತ್ತಿಹಿಡಿಯಲು 2023ರ ಮಾರ್ಚ್ 4ರವರೆಗೆ ಕಾಯಬೇಕಾಯಿತು. ಅಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬರವನ್ನು ತಂಡ ನೀಗಿಸಿತು.

ಸಾಗರೋತ್ತರ ಭಾರತೀಯರಲ್ಲಿ ಪ್ರತಿಭೆಯನ್ನು ಹುಡುಕುವುದಾಗಿ ಫೆಡರೇಷನ್ ಹಲವು ಬಾರಿ ಹೇಳಿದೆ. ಆದರೆ ಪೌರತ್ವದ ಕಾನೂನು ಫೆಡರೇಷನ್ನಿನ ಕೈಯಲ್ಲಿಲ್ಲ. ಅದು ಸಂಸತ್ತಿಗೆ ಸೇರಿದ್ದು. ಆ ಕಾನೂನು ಬದಲಾಗದಿರುವವರೆಗೆ ಹೊರನಾಡಿನಲ್ಲಿರುವ ಹದಿನೆಂಟರ ಭಾರತೀಯ ಮೂಲದ ಹುಡುಗ ಬರುವುದಿಲ್ಲ. ಮೂವತ್ತರ ವಿಲಿಯಮ್ಸ್ ಬರಬಹುದು, ಅದೂ ಆತ ಮೊದಲೇ ಇಲ್ಲಿ ನೆಲೆಸಿದ್ದರೆ. ಒಬ್ಬ ಆಟಗಾರನ ಒಲವಿನಿಂದ ಒಂದು ಸ್ಥಾನ ತುಂಬುತ್ತದೆ, ತಂಡ ತುಂಬುವುದಿಲ್ಲ. ಉಳಿದ ಹತ್ತು ಮಂದಿ ಸಾತನೂರಿನ ಹಸಿರು ಮೈದಾನದಿಂದಲೋ ಗೌತಮಪುರದ ಮಣ್ಣಿನ ಅಂಗಳದಿಂದಲೋ ಎದ್ದು ಬರಬೇಕು.

ಅಷ್ಟಾದರೂ ವಿಲಿಯಮ್ಸ್ ಅವರ ನಿರ್ಧಾರದ ತೂಕ ಕಡಿಮೆಯಾಗುವುದಿಲ್ಲ. ತಾತ ಪ್ರಾಂತ್ಯದ ಅಂಗಿ ತೊಟ್ಟು ಆಡಿದ್ದ ನೆಲಕ್ಕೆ ಮೊಮ್ಮಗ ಎಪ್ಪತ್ತು ವರ್ಷಗಳ ನಂತರ ದೇಶದ ಅಂಗಿ ಕೇಳಿಕೊಂಡು ಬಂದರು. ಗೆಲ್ಲುವ ತಂಡ ಕರೆದಾಗ ಹೋಗುವವರು ಅನೇಕರಿರುತ್ತಾರೆ. ಸೋತು ಕುಳಿತ ತಂಡಕ್ಕಾಗಿ ಹುಟ್ಟೂರಿನ ಪಾಸ್‌ಪೋರ್ಟನ್ನು ಹಿಂತಿರುಗಿಸಿ ಬಂದವರು ವಿರಳ.